ಊರಿನ ಕಲಾಭವನದಲ್ಲಿ ಉಚಿತ ಕುಟುಂಬ ಸಂಜೆ ನಡೆಸುವುದು ಹೇಗೆ: ಕಾಸರಗೋಡಿನ ಸಂಘಗಳಿಗೆ ಸಮಗ್ರ ಮಾರ್ಗದರ್ಶಿ

ಆಮಂತ್ರಣದಲ್ಲಿ ಸಂಜೆ ನಾಲ್ಕಕ್ಕೆ ಅಂತ ಇರುತ್ತದೆ. ದೀಪ ಬೆಳಗುವಾಗ ಐದೂವರೆ. ಭಾಷಣ, ಸನ್ಮಾನ ಮುಗಿಯುವಾಗ ಏಳು. ಮಕ್ಕಳ ವೇಷ ರಂಗಕ್ಕೆ ಬರುವ ಹೊತ್ತಿಗೆ ಕಡೇ ಬಸ್ಸು ಹಿಡಿಯಬೇಕಾದವರೆಲ್ಲ ಎದ್ದು ಹೋಗಿರುತ್ತಾರೆ. ಉಪ್ಪಳ, ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಎಲ್ಲಿ ಹೋದರೂ ಇದೇ ಕತೆ. ಆಮೇಲೆ "ಫ್ರೀ ಇಟ್ಟರೂ ಜನ ಬರುವುದಿಲ್ಲ ಮಾರಾಯ್ರೇ" ಎಂಬ ದೂರು. ಜನ ಬಂದಿದ್ದರು. ಅವರು ಮನೆಗೆ ಹೋಗುವ ಹೊತ್ತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೇ.

ತಪ್ಪು ಹೆಚ್ಚಾಗಿ ಕೆಲಸಗಳ ಕ್ರಮದಲ್ಲಿ ಇರುತ್ತದೆ. ಮೊದಲು ಆಮಂತ್ರಣ ಪತ್ರಿಕೆ ಅಚ್ಚಾಗುತ್ತದೆ. ಆಮೇಲೆ ಕಲಾವಿದರಿಗೆ ಫೋನು. ಅದಾದ ಮೇಲೆ ಹಾಲ್ ಸಿಗುತ್ತದಾ ಎಂದು ವಿಚಾರಣೆ. ಮೈಕ್ ಅನುಮತಿಗೆ ಠಾಣೆಗೆ ಹೋಗುವುದು ಕಡೆಗೆ. ಇದನ್ನು ಪೂರ್ತಿ ತಿರುಗಿಸಬೇಕು. ಕೆಳಗಿನ ಹಂತಗಳು ನೂರೈವತ್ತರಿಂದ ಇನ್ನೂರೈವತ್ತು ಜನ ಸೇರುವ, ಸುಮಾರು ಮೂರು ಗಂಟೆಯ, ಟಿಕೆಟ್ ಇಲ್ಲದ ಸಂಜೆಗೆ. ಜಾಗ ಗ್ರಂಥಾಲಯದ ಹಾಲ್ ಇರಬಹುದು, ಪಂಚಾಯತಿನ ಸಾಂಸ್ಕೃತಿಕ ಭವನ ಇರಬಹುದು, ಕಲಾಸಂಘದ ಸ್ವಂತ ಕಟ್ಟಡವೂ ಇರಬಹುದು.

ಶುರುವಿಗೆ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಬರೆಯುವ ಪುಸ್ತಕ ಬೇಕು. ಎಲ್ಲರ ಫೋನ್ ನಂಬರು, ಒಪ್ಪಿದ ಮಾತು, ಕೊಟ್ಟ ಮುಂಗಡ ಎಲ್ಲ ಅದರಲ್ಲೇ ಇರಲಿ. ವಾಟ್ಸಾಪಿನಲ್ಲಿ ಬಿದ್ದ ಮಾತು ಎರಡೇ ದಿನದಲ್ಲಿ ಶುಭೋದಯಗಳ ಅಡಿಗೆ ಹೋಗುತ್ತದೆ. ಅಳತೆ ಟೇಪು, ಟೆಸ್ಟರ್, ಟಾರ್ಚು, ಮಾರ್ಕರ್ ಪೆನ್ನು, ದಾರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಒಂದು ಚೀಲಕ್ಕೆ ಹಾಕಿಡಿ. ಜೊತೆಗೆ ನಾಲ್ಕು ಜನ ಬೇಕು: ಹಾಲ್ ಮತ್ತು ಕರೆಂಟಿಗೆ ಒಬ್ಬರು, ಕಲಾವಿದರಿಗೆ ಒಬ್ಬರು, ಚಾ-ತಿಂಡಿಗೆ ಒಬ್ಬರು, ಗಡಿಯಾರಕ್ಕೆ ಒಬ್ಬರು. ಈ ನಾಲ್ಕನೆಯವರನ್ನು ಯಾವ ಸಂಘವೂ ನೇಮಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಅಧ್ಯಕ್ಷರಿಗಿಂತ ಅವರೇ ಮುಖ್ಯ.

ಹಂತ 1: ಮುಗಿಯುವ ಹೊತ್ತನ್ನು ಗೊತ್ತು ಮಾಡಿ

ನಿಮ್ಮ ಸ್ಟಾಪಿನಿಂದ ಪ್ರತಿ ದಿಕ್ಕಿಗೂ ಕಡೇ ಬಸ್ಸು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಒಳನಾಡಿನ ರೂಟುಗಳಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಭಾನುವಾರ ಕೆಲವು ಟ್ರಿಪ್ ಇರುವುದೇ ಇಲ್ಲ. ವಾರದ ದಿನದ ಹೊತ್ತನ್ನು ನಂಬಬೇಡಿ. ಕಂಡಕ್ಟರನ್ನೇ ಕೇಳಿ, "ಆಯ್ತಾರ ಈ ಬಸ್ಸು ಉಂಟಾ?" ಎಂದು.

ಎಲ್ಲಕ್ಕಿಂತ ಮೊದಲು ಹೊರಡುವ ಕಡೇ ಬಸ್ಸು 7:45ಕ್ಕೆ ಎಂದಿಟ್ಟುಕೊಳ್ಳಿ. ಹಾಗಾದರೆ ನಿಮ್ಮ ಕಾರ್ಯಕ್ರಮ 7:20ಕ್ಕೆ ಮುಗಿಯಬೇಕು. ಇಪ್ಪತ್ತೈದು ನಿಮಿಷ ಚಪ್ಪಲಿ ಹುಡುಕುವುದಕ್ಕೆ, ಮಕ್ಕಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗುವುದಕ್ಕೆ, ನಡೆದು ಸ್ಟಾಪಿಗೆ ಹೋಗುವುದಕ್ಕೆ ಬೇಕೇ ಬೇಕು. ಸ್ವಂತ ಗಾಡಿ ಇರುವವರನ್ನು ಮಾತ್ರ ನೋಡಿ ಹೊತ್ತು ಇಟ್ಟರೆ ಅಜ್ಜಿಯಂದಿರು, ಚಿಕ್ಕ ಮಕ್ಕಳ ತಾಯಂದಿರು ಬರುವುದಿಲ್ಲ. ಅವರಿಲ್ಲದೆ ಅದನ್ನು ಕುಟುಂಬ ಸಂಜೆ ಅನ್ನುವುದು ಹೇಗೆ?

7:20 ಎಂದು ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ. ಇನ್ನು ಮುಂದಿನ ಪ್ರತಿ ಹಂತವನ್ನೂ ಇದರಿಂದ ಹಿಂದಕ್ಕೆ ಎಣಿಸುತ್ತಾ ಹೋಗುವುದು.

ಹಂತ 2: ದಿನ ಹುಡುಕಿ

ಶನಿವಾರ ಸಂಜೆ ಎಲ್ಲಕ್ಕಿಂತ ಒಳ್ಳೆಯದು. ಮರುದಿನ ರಜೆ, ಬಸ್ಸೂ ಪೂರ್ತಿ ಓಡುತ್ತದೆ. ಆದರೆ ಯಾವ ಶನಿವಾರ ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ.

ಮೊದಲು ಶಾಲೆಯ ಲೆಕ್ಕ ನೋಡಿ. ಕೇರಳದಲ್ಲಿ ಶಾಲೆ ಜೂನ್‌ನಿಂದ ಮಾರ್ಚ್‌ವರೆಗೆ. ಮಾರ್ಚ್ ಎಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಆಗ ಮೈಕ್ ಹಾಕಿದರೆ ಅಕ್ಕಪಕ್ಕದ ಮನೆಯವರ ಶಾಪ ಖಂಡಿತ. ನವೆಂಬರ್ ಹೊತ್ತಿಗೆ ಉಪಜಿಲ್ಲಾ ಶಾಲಾ ಕಲೋತ್ಸವ ಶುರುವಾಗುತ್ತದೆ. ಕುಣಿಯುವ ಮಕ್ಕಳು, ಕಲಿಸುವ ಟೀಚರುಗಳು, ಮೇಕಪ್ಪಿನವರು ಎಲ್ಲರೂ ಅಲ್ಲೇ ಇರುತ್ತಾರೆ. ಓಣಂ ರಜೆಯಲ್ಲಿ ಊರ ಕ್ಲಬ್ಬುಗಳೆಲ್ಲ ಸ್ವಂತ ಆಟೋಟ ಇಟ್ಟಿರುತ್ತವೆ.

ಆಮೇಲೆ ಆಟದ, ಅಂದರೆ ಯಕ್ಷಗಾನದ ಲೆಕ್ಕ. ವೃತ್ತಿ ಮೇಳಗಳ ತಿರುಗಾಟ ನವೆಂಬರಿನ ಆಸುಪಾಸಿನಲ್ಲಿ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ (ತುಳು ಬೇಶ ತಿಂಗಳ ಹತ್ತನೇ ದಿನ) ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಮೇಳದ ಕಲಾವಿದರನ್ನು ಸಂಜೆಗೆ ಒಪ್ಪಿಸಿದರೂ ಅವರ ಕಣ್ಣು ವಾಚಿನ ಮೇಲೇ ಇರುತ್ತದೆ. ರಾತ್ರಿ ಬೇರೆ ಊರಲ್ಲಿ ಆಟ ಇರುತ್ತದಲ್ಲ. ಹವ್ಯಾಸಿ ಕಲಾವಿದರನ್ನು, ಮಕ್ಕಳ ತಂಡವನ್ನು ಕರೆಯುವುದಾದರೆ ಈ ತೊಂದರೆ ಇಲ್ಲ. ಪತ್ತನಾಜೆ ಕಳೆದ ಮೇಲೆ ಮೇಳದವರು ಸಿಗುತ್ತಾರೆ, ಆದರೆ ಆಗ ಮಳೆ ಕೂತಿರುತ್ತದೆ.

ಮಳೆಯ ವಿಷಯವನ್ನು ಹಗುರ ಮಾಡಬೇಡಿ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಜಿಲ್ಲೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಾಂಗಣ ಅಂದರೆ ಜೂಜು. ಹಾಲ್‌ಗೆ ತಗಡಿನ ಶೀಟು ಹೊದೆಸಿದ್ದರೆ ಒಳಗೂ ಕಷ್ಟ: ಜೋರು ಮಳೆಗೆ ತಾಳಮದ್ದಲೆಯ ಒಂದು ಅರ್ಥವೂ (ಕಲಾವಿದರು ಆಡುವ ಮಾತು) ಕೇಳಿಸುವುದಿಲ್ಲ. ಅಂಥ ಹಾಲ್ ಆದರೆ ಮಳೆಗಾಲದಲ್ಲಿ ಮಾತಿನ ಕಾರ್ಯಕ್ರಮ ಬಿಟ್ಟು ಆಟ, ಕುಣಿತ, ಚಿತ್ರ ಬಿಡಿಸುವುದು ಇಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಸಂಜೆಯ ಗುಡುಗು-ಮಿಂಚು ಇನ್ನೊಂದು ಸಂಗತಿ. ಗುಡುಗು ಕೇಳಿದ ಕೂಡಲೇ ಅಂಗಳದಲ್ಲಿರುವ ಮಕ್ಕಳನ್ನು ಒಳಗೆ ಸೇರಿಸಬೇಕು, ಮೈಕ್‌ಸೆಟ್‌ನ ಪ್ಲಗ್ ತೆಗೆಯಬೇಕು. ಇದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಕಡೆಯದಾಗಿ ಊರಿನ ಲೆಕ್ಕ. ಹತ್ತಿರದ ದೇವಸ್ಥಾನದ ಜಾತ್ರೆ, ದೈವದ ಕೋಲ, ಮಸೀದಿಯ ಉರೂಸ್, ಇಗರ್ಜಿಯ ಹಬ್ಬ, ರಂಜಾನ್ ತಿಂಗಳು, ದೊಡ್ಡ ಮನೆತನದ ಮದುವೆ. ಇದಕ್ಕೆ ಕ್ಯಾಲೆಂಡರ್ ಸಾಲದು. ಆಟೋ ಸ್ಟ್ಯಾಂಡಿನಲ್ಲಿ ಕೇಳಿದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಚುನಾವಣೆ ಘೋಷಣೆಯಾಗುವ ಸಾಧ್ಯತೆ ಇದ್ದರೆ ಪಂಚಾಯತಿನ ಹಾಲ್ ಬೇಡ. ನೀತಿ ಸಂಹಿತೆ ಬಂದರೆ ಎಲ್ಲವೂ ಅಡ್ಡಾದಿಡ್ಡಿಯಾಗುತ್ತದೆ.

ಹಂತ 3: ಹಾಲ್ ನೋಡಿ, ಆಮೇಲೆ ಬುಕ್ ಮಾಡಿ

ಕಾರ್ಯಕ್ರಮ ನಡೆಯುವ ಹೊತ್ತಿನಲ್ಲೇ ಹೋಗಿ ನೋಡಿ. ಬೆಳಗ್ಗೆ ಹತ್ತಕ್ಕೆ ನೋಡಿದ ಹಾಲ್ ಸಂಜೆ ಬೇರೆಯೇ. ಪಶ್ಚಿಮದ ಕಿಟಕಿಯಿಂದ ಐದು ಗಂಟೆಯ ಬಿಸಿಲು ನೇರ ವೇದಿಕೆಗೋ ಪ್ರೇಕ್ಷಕರ ಕಣ್ಣಿಗೋ ಹೊಡೆಯುತ್ತದಾ ನೋಡಿಕೊಳ್ಳಿ.

ಟೇಪು ಹಿಡಿದು ಅಳೆಯಿರಿ. ಕುರ್ಚಿ ಹಾಕಿದರೆ, ನಡೆಯುವ ದಾರಿ ಸೇರಿಸಿ, ಒಬ್ಬರಿಗೆ ಸುಮಾರು ಹತ್ತು ಚದರ ಅಡಿ ಹಿಡಿಯಿರಿ. 40 ಅಡಿ ಉದ್ದ, 25 ಅಡಿ ಅಗಲ ಇದ್ದರೆ ನೂರು ಕುರ್ಚಿ. ಮುಂದಿನ ಭಾಗದಲ್ಲಿ ಚಾಪೆ ಹಾಕಿ ಮಕ್ಕಳನ್ನು ಕೂರಿಸಿದರೆ ಇನ್ನೂ ಐವತ್ತು ಮಂದಿ ಹಿಡಿಸುತ್ತಾರೆ. ಎರಡು ಬಾಗಿಲು ಇರಲೇಬೇಕು, ಎರಡೂ ತೆರೆದಿರಬೇಕು. ಹಿಂದಿನ ಬಾಗಿಲಿಗೆ ಹಳೇ ಬೆಂಚು ಒಟ್ಟಿರುವುದು ನಮ್ಮ ಹಾಲ್‌ಗಳ ಮಾಮೂಲು ನೋಟ. ಅದನ್ನು ತೆರವು ಮಾಡಿಸದೆ ಮುಂಗಡ ಕೊಡಬೇಡಿ.

ಶೌಚಾಲಯ ನೋಡಿ. ನಳ್ಳಿ ತಿರುಗಿಸಿ, ಚಿಲಕ ಹಾಕಿ, ಬಲ್ಬು ಉರಿಯುತ್ತದಾ ನೋಡಿ. ಹೆಂಗಸರ ಶೌಚಾಲಯಕ್ಕೆ ಬೀಗ ಜಡಿದು ಕೀಲಿ ಯಾರಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ ಸ್ಥಿತಿ ಎಷ್ಟು ಕಡೆ ಇದೆ ಹೇಳಿ! ನೀರಿನ ಟ್ಯಾಂಕಿಗೆ ಪಂಪು ಹಾಕುವವರು ಯಾರು ಎಂದೂ ಕೇಳಿ.

ಸುತ್ತ ಒಮ್ಮೆ ನಡೆಯಿರಿ. ಕಟ್ಟೆ ತಗ್ಗಾದ ಬಾವಿ, ಕೆಂಪುಕಲ್ಲಿನ ಹಳೇ ಕೋರೆ, ನೀರು ನಿಂತ ಗುಂಡಿ ಇದ್ದರೆ ಅಲ್ಲಿಗೆ ಹಗ್ಗ ಕಟ್ಟಿಸಿ, ಜೊತೆಗೆ ಒಬ್ಬರನ್ನು ನಿಲ್ಲಿಸುವ ಏರ್ಪಾಡು ಬೇಕು. ಹಗ್ಗ ಮಾತ್ರ ಸಾಲದು. ಐದು ವರ್ಷದ ಮಗುವಿಗೆ ಹಗ್ಗ ಅಂದರೆ ನುಸುಳುವ ಆಟ.

ಹಂತ 4: ದುಡ್ಡಿನ ಮಾತು

ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ಖರ್ಚು ಇಲ್ಲ ಅಂತಲ್ಲ. ಹಾಲ್ ಬಾಡಿಗೆ, ಮೈಕ್-ಲೈಟು, ಕಲಾವಿದರ ಗೌರವಧನ ಮತ್ತು ಪ್ರಯಾಣ, ವೇಷಭೂಷಣದ ಬಾಡಿಗೆ, ಚಾ-ತಿಂಡಿ, ಕ್ಲೀನಿಂಗು. ಇವನ್ನು ಬರೆದು ಒಟ್ಟು ಹಾಕಿ, ಮೇಲೆ ಹತ್ತನೇ ಒಂದು ಭಾಗ ಸೇರಿಸಿ. ಈ ಮೊತ್ತ ಕೈಗೆ ಬರುವವರೆಗೆ ಅಥವಾ ನಂಬುವಂಥವರು ಒಪ್ಪುವವರೆಗೆ ಪತ್ರಿಕೆ ಅಚ್ಚಿಗೆ ಕೊಡಬೇಡಿ.

ದಾನಿಗಳಿಂದ ದುಡ್ಡಿನ ಬದಲು ವಸ್ತುವನ್ನೇ ಕೇಳುವುದು ಸುಲಭ. ಒಬ್ಬರು ಅವಲಕ್ಕಿ, ಒಬ್ಬರು ಹಾಲು, ಇನ್ನೊಬ್ಬರು ಮೈಕ್ ಬಾಡಿಗೆ. ಆದರೆ ವೇದಿಕೆಯಲ್ಲಿ ಎಲ್ಲರಿಗೂ ಶಾಲು ಹೊದೆಸುತ್ತೇವೆ ಎಂದು ಮಾತು ಕೊಟ್ಟರೆ ಕೆಟ್ಟಿರಿ. ಹೆಸರನ್ನು ಬಾಗಿಲ ಬಳಿ ಒಂದು ಬೋರ್ಡಿನಲ್ಲಿ ಬರೆಯುತ್ತೇವೆ ಎಂದು ಮೊದಲೇ ಹೇಳಿ.

'ಉಚಿತ' ಎಂದು ಬರೆದು, ಒಳಗೆ ರಶೀದಿ ಪುಸ್ತಕ ಹಿಡಿದು ಸಾಲು ಸಾಲಿಗೆ ಬರುವುದು ಕೆಲವು ಕಡೆ ನಡೆಯುತ್ತದೆ. ಇದು ಬೇಡವೇ ಬೇಡ. ಜನ ಮುಂದಿನ ಸಲ ಬರುವುದಿಲ್ಲ ಎಂಬುದು ಒಂದು. ಇನ್ನೊಂದು ಕಾನೂನಿನ ಕಾರಣ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಹವ್ಯಾಸಿ ಸಂಘಗಳು ನಾಟಕ, ಸಂಗೀತ ಆಡಿ ತೋರಿಸಲು ವಿನಾಯಿತಿ ಕೊಡುವುದು ಪ್ರೇಕ್ಷಕರು ದುಡ್ಡು ಕೊಡದಿದ್ದಾಗ. ಈ ವಿನಾಯಿತಿ ಸಿನಿಮಾ ತೋರಿಸುವುದಕ್ಕೆ ಅನ್ವಯಿಸುವುದಿಲ್ಲ. ಪೆನ್‌ಡ್ರೈವಿನಲ್ಲಿ ಮಕ್ಕಳ ಸಿನಿಮಾ ಹಾಕಿ ಪ್ರೊಜೆಕ್ಟರಿನಲ್ಲಿ ಬಿಡುವ ಯೋಚನೆ ಇದ್ದರೆ ಹಕ್ಕುದಾರರ ಒಪ್ಪಿಗೆ ಪಡೆಯಿರಿ, ಇಲ್ಲವೇ ಆ ಯೋಚನೆ ಕೈಬಿಡಿ.

ಕಲಾವಿದರಿಗೆ ಶಾಲು, ಹಾರ, ಸ್ಮರಣಿಕೆ ಕೊಟ್ಟು ಕೈಮುಗಿದು ಕಳಿಸುವ ಅಭ್ಯಾಸವೂ ನಿಲ್ಲಲಿ. ಗೋಡೆಯಲ್ಲಿ ಮೊಳೆಗೂ ಜಾಗವಿಲ್ಲದಷ್ಟು ಸ್ಮರಣಿಕೆ ಅವರ ಮನೆಯಲ್ಲಿರುತ್ತದೆ. ಒಪ್ಪಿದ ಮೊತ್ತವನ್ನು ಕವರಿನಲ್ಲಿ ಹಾಕಿ, ಚೌಕಿಯಲ್ಲೇ (ವೇಷ ಕಟ್ಟುವ ಕೋಣೆ), ಆಟ ಶುರುವಾಗುವ ಮೊದಲು ಕೊಟ್ಟುಬಿಡಿ.

ಹಂತ 5: ಕಾರ್ಯಕ್ರಮ ಹೆಣೆಯುವುದು

ಇಡೀ ಕೆಲಸದ ಹೃದಯ ಇದು. 7:20ರಿಂದ ಹಿಂದಕ್ಕೆ ಬನ್ನಿ. ಡಿಸೆಂಬರಿನ ಒಂದು ಶನಿವಾರಕ್ಕೆ ನಾನಾದರೆ ಹೀಗೆ ಹಾಕುತ್ತೇನೆ.

6:15ರಿಂದ 7:20: ಮುಖ್ಯ ಕಾರ್ಯಕ್ರಮ.
6:00ರಿಂದ 6:15: ಚಾ, ಅವಲಕ್ಕಿ. ಮೈಕ್ ಬಂದ್.
5:40ರಿಂದ 6:00: ಸಭೆ.
5:00ರಿಂದ 5:40: ಮಕ್ಕಳ ಹಾಡು, ಕುಣಿತ, ಕತೆ.
4:15ರಿಂದ 5:00: ಅಂಗಳದಲ್ಲಿ ಆಟ.

ಈ ಕ್ರಮಕ್ಕೆ ಕಾರಣ ಇದೆ. ನಾಲ್ಕೂಕಾಲಿಗೆ ಎಲ್ಲರೂ ಬರುವುದಿಲ್ಲ, ಅದು ನಿಮಗೂ ಗೊತ್ತು. ಬೇಗ ಬಂದ ಮಕ್ಕಳನ್ನು ಖಾಲಿ ವೇದಿಕೆ ನೋಡುತ್ತಾ ಕೂರಿಸಬೇಡಿ. ಲಗೋರಿ, ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುವುದು, ಗೋಣಿಚೀಲದ ಓಟ ಶುರುವಾಗಲಿ. ತಡವಾಗಿ ಬಂದವರು ನಡುವೆ ಸೇರಿಕೊಳ್ಳಬಹುದು. ಒಂದು ಮೂಲೆಯಲ್ಲಿ ಚೆನ್ನೆಮಣೆ ಹಾಕಿ ಅಜ್ಜಿಯಂದಿರನ್ನು ಕೂರಿಸಿದರೆ ಅಲ್ಲಿಂದ ಮಕ್ಕಳನ್ನು ಎಬ್ಬಿಸುವುದೇ ಕಷ್ಟ. ಹದಿನಾಲ್ಕು ಗುಳಿಗೆ ನಾಲ್ಕರಂತೆ ಒಂದು ಮಣೆಗೆ 56 ಕಾಯಿ ಬೇಕು. ಮಂಜೊಟ್ಟಿ ಕಾಯಿಯೇ ಇರಲಿ. ಸಿಗಲಿಲ್ಲ ಅಂತ ಗುಲಗಂಜಿ ಹಾಕಬೇಡಿ, ಅದರ ಬೀಜ ವಿಷ. ಆಟ ಮುಗಿದ ಮೇಲೆ ಕಾಯಿ ಎಣಿಸಿ ತೆಗೆದಿಡಿ. ಚಿಕ್ಕ ಮಕ್ಕಳು ಬಾಯಿಗೋ ಮೂಗಿಗೋ ತುರುಕುತ್ತಾರೆ.

ಸಭೆಯನ್ನು ನಡುವಲ್ಲಿ ಇಟ್ಟದ್ದು ಬೇಕೆಂತಲೇ. ಶುರುವಿಗೆ ಇಟ್ಟರೆ ಅತಿಥಿ ಬರುವವರೆಗೆ ಎಲ್ಲವೂ ನಿಂತುಹೋಗುತ್ತದೆ. ಕಡೆಗೆ ಇಟ್ಟರೆ ಅತಿಥಿಯ ಎದುರು ಯಾರೂ ಇರುವುದಿಲ್ಲ. ಮಕ್ಕಳ ಕುಣಿತ ಆದ ಕೂಡಲೇ ಆ ಮಕ್ಕಳ ಅಪ್ಪ-ಅಮ್ಮ ಎಲ್ಲರೂ ಹಾಲ್‌ನಲ್ಲೇ ಇರುತ್ತಾರೆ, ಚೌಕಿಯಲ್ಲಿ ವೇಷ ಕಟ್ಟುವುದಕ್ಕೂ ಹೊತ್ತು ಸಿಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಸ್ವಾಗತ ಎರಡು, ಉದ್ಘಾಟನೆಯ ಮಾತು ಎಂಟು, ಅಧ್ಯಕ್ಷರದು ಐದು, ಧನ್ಯವಾದ ಎರಡು. ಮೂರು ನಿಮಿಷ ಎದ್ದು ಕೂರುವುದಕ್ಕೆ ಹೋಗುತ್ತದೆ. ವೇದಿಕೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಕುರ್ಚಿ ಹಾಕಬೇಡಿ. ಐದನೇ ಕುರ್ಚಿ ಬಂತು ಅಂದರೆ ಆರನೆಯದಕ್ಕೂ ಯಾರೋ ಸಿಟ್ಟಾಗಿರುತ್ತಾರೆ.

ಆರು ಗಂಟೆಯ ಚಾ ವಿರಾಮ ಸೂರ್ಯಾಸ್ತದ ಹೊತ್ತು ನೋಡಿ ಇಟ್ಟದ್ದು. ಹತ್ತಿರ ಮಸೀದಿ ಇದ್ದರೆ ಮಗ್ರಿಬ್ ಬಾಂಗ್ ಆಗುವಾಗ ನಿಮ್ಮ ಮೈಕ್ ತಾನಾಗಿಯೇ ಸುಮ್ಮನಿರುತ್ತದೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಜೂನ್ ಕಡೆಗೆ ಸೂರ್ಯಾಸ್ತ ಏಳರ ಹತ್ತಿರಕ್ಕೆ ಹೋಗುತ್ತದೆ, ವಿರಾಮವನ್ನೂ ಅದಕ್ಕೆ ತಕ್ಕ ಹಾಗೆ ಸರಿಸಿ.

ಮುಖ್ಯ ಕಾರ್ಯಕ್ರಮಕ್ಕೆ ಏನು? ಯಕ್ಷಗಾನ ಎಂದರೆ ಅರುವತ್ತೈದು ನಿಮಿಷಕ್ಕೆ ಕಾಲಮಿತಿ ಎಂದು ಭಾಗವತರ ಹತ್ತಿರ ಮೊದಲೇ ಕೂತು ಮಾತಾಡಿ. ಯಾವ ಪದ ಬಿಡುವುದು, ಅರ್ಥ ಎಷ್ಟು ಎಂದು ಅವರೇ ಹೇಳುತ್ತಾರೆ. "ಸ್ವಲ್ಪ ಬೇಗ ಮುಗಿಸಿ" ಎಂದು ಆಟದ ನಡುವೆ ಚೀಟಿ ಕಳಿಸುವುದು ಅವಮಾನ. ಸಾಮಾನ್ಯ ವೇಷಕ್ಕೇ ಒಂದು-ಒಂದೂವರೆ ಗಂಟೆ ಬೇಕು, ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಇನ್ನೂ ಜಾಸ್ತಿ. ಹಾಗಾಗಿ ಕಲಾವಿದರು ಮೂರೂವರೆಗೆ ಚೌಕಿಯಲ್ಲಿ ಇರಬೇಕು, ಅವರಿಗೆ ಚಾ ಮೂರೂಮುಕ್ಕಾಲಿಗೆ ಹೋಗಬೇಕು. ಬಣ್ಣದ ವೇಷ ಇದ್ದರೆ ಪುಟ್ಟ ಮಕ್ಕಳನ್ನು ಮೊದಲ ಸಾಲಿನಲ್ಲಿ ಕೂರಿಸಬೇಡಿ. ಒಂದು ಮಗು ಹೆದರಿ ಕಿರುಚಿದರೆ ಹತ್ತು ಮಕ್ಕಳು ಸೇರುತ್ತವೆ. ಚೌಕಿಗೆ ನಾಲ್ಕೈದು ಮಕ್ಕಳನ್ನು ಕರೆದೊಯ್ದು ಬಣ್ಣ ಹಾಕುವುದನ್ನು ತೋರಿಸಲು ಕಲಾವಿದರು ಒಪ್ಪಿದರೆ ಆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ನಮ್ಮ ಕಾಸರಗೋಡಿನ ಯಕ್ಷಗಾನ ಗೊಂಬೆಯಾಟ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಆದರೆ ಗೊಂಬೆಗಳು ಚಿಕ್ಕವು, ಹಿಂದಿನ ಸಾಲಿಗೆ ಕಾಣಿಸುವುದಿಲ್ಲ. ನೂರು ಜನರ ಒಳಗೆ, ಹಾಲ್ ಕತ್ತಲೆ ಮಾಡಲು ಆಗುವಲ್ಲಿ ಮಾತ್ರ ಇಡಿ. ರಂಗ ಕಟ್ಟಲು ಬೇಕಾದ ಹೊತ್ತು ತಂಡವನ್ನೇ ಕೇಳಿ. ಕೋಲ್ಕಳಿ, ದಫ್ ಮುಟ್ಟು, ಒಪ್ಪನ, ತಿರುವಾದಿರ ಆಡುವ ಮಕ್ಕಳು ನಿಮ್ಮ ಊರಿನ ಶಾಲೆಯಲ್ಲೇ ಇರುತ್ತಾರೆ. ಕಲೋತ್ಸವಕ್ಕೆ ಕಲಿತದ್ದು ಸುಮ್ನೆ ಮರೆತುಹೋಗುತ್ತದೆ. ಅವರಿಗೆ ಹತ್ತು ನಿಮಿಷ ಕೊಟ್ಟರೆ ಅವರ ಮನೆಯವರೂ ಬರುತ್ತಾರೆ, ಹಾಲ್ ಇಡೀ ಊರಿನದ್ದಾಗುತ್ತದೆ.

ನಿರೂಪಣೆ ಒಂದೇ ಭಾಷೆಯಲ್ಲಿ ಬೇಡ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಮಲೆಯಾಳ ಮಾತಾಡುವ ಮಕ್ಕಳಿಗೆ ಗ್ರಂಥದ ಕನ್ನಡ ತಲೆಗೆ ಹೋಗುವುದಿಲ್ಲ. ಕನ್ನಡದಲ್ಲಿ ಹೇಳಿ, ಮುಖ್ಯವಾದದ್ದನ್ನು ತುಳುವಿನಲ್ಲೂ ಮಲೆಯಾಳದಲ್ಲೂ ಒಂದೊಂದು ವಾಕ್ಯ ಹೇಳಿ. ಮೂರೂ ಗೊತ್ತಿರುವ ಹುಡುಗಿಯೋ ಹುಡುಗನೋ ಪ್ರತಿ ವಾರ್ಡಿನಲ್ಲೂ ಇದ್ದಾರೆ.

ಎಚ್ಚರಿಕೆಯ ಗುರುತು: ಪಟ್ಟಿಯಲ್ಲಿ ಏಳಕ್ಕಿಂತ ಜಾಸ್ತಿ ಮಕ್ಕಳ ಕುಣಿತ ಸೇರಿದರೆ ನಿಲ್ಲಿಸಿ. ನಾಲ್ಕು ನಿಮಿಷದ ಹಾಡಿನ ನಂತರ ವೇದಿಕೆ ಬದಲಾಯಿಸಲು ಎರಡು ನಿಮಿಷ ಬೇಕು. ಹನ್ನೆರಡು ಕುಣಿತ ಎಂದರೆ ಎಪ್ಪತ್ತೆರಡು ನಿಮಿಷ. ನಿಮ್ಮಲ್ಲಿ ಇರುವುದು ನಲ್ವತ್ತು. ಆರೇಳು ಸಾಕು, ಉಳಿದವರಿಗೆ ಮುಂದಿನ ಸಲ ಎಂದು ಹೆಸರು ಬರೆದಿಡಿ.

ಹಂತ 6: ಅನುಮತಿ

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಕೇಳಿಸುವಂತೆ ಮೈಕ್ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ಮೌನ ವಲಯ ಆಗಿರಬಹುದು. ನಿಮ್ಮ ಹಾಲ್ ಅಂಥಲ್ಲಿದ್ದರೆ ಮೊದಲೇ ವಿಚಾರಿಸಿ.

ಕೇರಳ ಪೊಲೀಸರ ತುಣ ಪೋರ್ಟಲಿನಲ್ಲಿ ಮೈಕ್ ಅನುಮತಿಗೆ ಅರ್ಜಿ ಹಾಕಬಹುದು. ಕಂಪ್ಯೂಟರ್ ಕೈಗೆ ಬಾರದವರು ಅಕ್ಷಯ ಕೇಂದ್ರಕ್ಕೆ ಹೋಗಲಿ. ಹಾಲ್‌ನವರ ಒಪ್ಪಿಗೆ ಪತ್ರ, ಅರ್ಜಿದಾರರ ಗುರುತಿನ ಚೀಟಿ ಜೊತೆಗಿರಲಿ. ಎರಡು ವಾರ ಮೊದಲೇ ಹಾಕಿ. ಹಾಕಿ ಸುಮ್ಮನಿರಬೇಡಿ, ಮೂರನೇ ದಿನ ಠಾಣೆಗೆ ಫೋನು ಮಾಡಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಆದರೆ ಅದರ ಮಲೆಯಾಳ ಪ್ರತಿಯೊಂದನ್ನು ಪಿನ್ ಮಾಡಿ ಕೊಟ್ಟರೆ ಕಡತ ಬೇಗ ಓಡುತ್ತದೆ. ಹಕ್ಕೂ ಉಳಿಯಿತು, ಕೆಲಸವೂ ಆಯಿತು.

ಪಂಚಾಯತಿಗೂ ಒಂದು ಪತ್ರ ಕೊಡಿ, ವಾರ್ಡ್ ಮೆಂಬರಿಗೆ ಬಾಯಿಮಾತಿನಲ್ಲೂ ಹೇಳಿ. ಗ್ರೀನ್ ಪ್ರೋಟೋಕಾಲ್ ಬಗ್ಗೆ ಅವರು ಕೇಳುತ್ತಾರೆ: ಪ್ಲಾಸ್ಟಿಕ್ ಕಪ್ಪು, ಥರ್ಮೋಕೋಲ್ ತಟ್ಟೆ, ಫ್ಲೆಕ್ಸ್ ಬ್ಯಾನರ್ ಯಾವುದೂ ನಡೆಯುವುದಿಲ್ಲ. ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ 2020ರ ಜನವರಿ 1ರಿಂದ ನಿಷೇಧ. ಬ್ಯಾನರ್ ಬಟ್ಟೆಯದ್ದು ಮಾಡಿಸಿ, ತಿಂಡಿಗೆ ಅಡಿಕೆ ಹಾಳೆಯ ತಟ್ಟೆ, ಚಾಕ್ಕೆ ಸ್ಟೀಲ್ ಲೋಟ. ಲೋಟ ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀಯವರಲ್ಲಿ ಬಾಡಿಗೆಗೆ ಸಿಗುತ್ತದಾ ಕೇಳಿ.

ಹಂತ 7: ಈಗ ಪತ್ರಿಕೆ ಅಚ್ಚು ಹಾಕಿಸಿ

ಹಾಲ್, ದುಡ್ಡು, ಕಲಾವಿದರು, ಅರ್ಜಿ ನಾಲ್ಕೂ ಆದ ಮೇಲೆ ಮಾತ್ರ. ಪತ್ರಿಕೆಯಲ್ಲಿ ಕನ್ನಡದ ಜೊತೆ ಮಲೆಯಾಳವೂ ಇರಲಿ. ಅತಿಥಿಗಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮೂರು ಸಂಗತಿ ಕಾಣಬೇಕು: ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಯಾವ ಬಸ್ ಸ್ಟಾಪು. 'ಸರಿಯಾಗಿ 7:20ಕ್ಕೆ ಮುಕ್ತಾಯ, ಕಡೇ ಬಸ್ಸು ಸಿಗುತ್ತದೆ' ಎಂಬ ಒಂದು ಸಾಲು ಯಾವ ಗಣ್ಯರ ಹೆಸರಿಗಿಂತಲೂ ಜಾಸ್ತಿ ಜನ ತರುತ್ತದೆ.

ಹಂಚುವ ಜಾಗ ಹಾಲಿನ ಸೊಸೈಟಿ, ರೇಷನ್ ಅಂಗಡಿ, ಬೀಡಿ ಬ್ರಾಂಚು, ಅಂಗನವಾಡಿ, ಅಕ್ಷಯ ಕೇಂದ್ರ. ಗ್ರಂಥಾಲಯದಲ್ಲಿ ಬಾಲವೇದಿ (ಮಕ್ಕಳ ಕೂಟ) ಇದ್ದರೆ ಆ ಮಕ್ಕಳ ಕೈಯಲ್ಲೇ ಪತ್ರಿಕೆ ಕಳಿಸಿ. ಕುಟುಂಬಶ್ರೀಯ ವಾರದ ಕೂಟದಲ್ಲಿ ಎರಡು ನಿಮಿಷ ಮಾತಾಡಿದರೆ ಹತ್ತು ವಾಟ್ಸಾಪ್ ಸಂದೇಶಕ್ಕೆ ಸಮ. ಮೊದಲ ಹೇಳಿಕೆ ಎರಡು ವಾರ ಮೊದಲು, ಎರಡನೆಯದು ಗುರುವಾರ, ಕಡೆಯದು ಶನಿವಾರ ಬೆಳಗ್ಗೆ. ದಿನಾ ಕಳಿಸಿದರೆ ಜನ ಗುಂಪನ್ನು ಮ್ಯೂಟ್ ಮಾಡುತ್ತಾರೆ.

ಹಂತ 8: ಹಿಂದಿನ ದಿನದ ಕರೆಂಟು, ಮೈಕ್ ಪರೀಕ್ಷೆ

ಹಾಲ್‌ನ ಪ್ಲಗ್ ಪಾಯಿಂಟು ನೋಡಿ. 5 ಆಂಪಿಯರ್ ಸಾಕೆಟ್ ತಡೆದುಕೊಳ್ಳುವುದು ಸುಮಾರು 1,150 ವ್ಯಾಟ್. 15 ಆಂಪಿಯರಿನದ್ದು ಸುಮಾರು 3,450. ಸಾವಿರ ವ್ಯಾಟಿನ ಎರಡು ಹ್ಯಾಲೊಜೆನ್ ದೀಪವನ್ನು ಸಣ್ಣ ಸಾಕೆಟಿಗೆ ಚುಚ್ಚಿದರೆ ಒಂದೋ ಟ್ರಿಪ್ ಆಗುತ್ತದೆ, ಇಲ್ಲವೇ ವಯರು ಸುಡುತ್ತದೆ. ಎಲ್‌ಇಡಿ ದೀಪ ಕೇಳಿ ಪಡೆಯಿರಿ. ಲೈಟು ಒಂದು ಲೈನಿಗೆ, ಮೈಕ್ ಇನ್ನೊಂದಕ್ಕೆ ಹಾಕಿಸಿ. ಇಎಲ್‌ಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದಾ ಎಂದು ವಯರಿಂಗ್ ಬಲ್ಲವರಿಂದಲೇ ನೋಡಿಸಿ. ಜನ ನಡೆಯುವಲ್ಲಿ ವಯರು ನೆಲದ ಮೇಲೆ ಹಾಯಬಾರದು. ಜನರೇಟರ್ ತಂದರೆ ಹಾಲ್‌ನಿಂದ ದೂರ, ಗಾಳಿ ಆಡುವ ಜಾಗದಲ್ಲಿ ಇಡಿ.

ಮೈಕ್ ಕುಂಯ್ ಎನ್ನುವುದು ಹೆಚ್ಚಾಗಿ ಸ್ಪೀಕರನ್ನು ವೇದಿಕೆಯ ಹಿಂದೆ ಇಟ್ಟಾಗ. ಸ್ಪೀಕರ್ ಯಾವಾಗಲೂ ಮೈಕ್‌ಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಸಣ್ಣ ಹಾಲ್‌ನಲ್ಲಿ ಚೆಂಡೆಗೆ ಮೈಕ್ ಬೇಡ. ಭಾಗವತರಿಗೆ, ಮದ್ದಳೆಗೆ, ಅರ್ಥ ಹೇಳುವವರಿಗೆ ಸಾಕು. ಚೆಂಡೆಗೂ ಮೈಕ್ ಕೊಟ್ಟ ದಿನ ಮುಂದಿನ ಸಾಲಿನ ಕೂಸುಗಳು ಕಿವಿ ಮುಚ್ಚಿಕೊಂಡು ಅಳುತ್ತವೆ.

ಎಚ್ಚರಿಕೆಯ ಗುರುತು: ಶುಕ್ರವಾರ ರಾತ್ರಿವರೆಗೂ ಮೈಕ್‌ನವರು "ನಾಳೆ ಬೆಳಗ್ಗೆ ನೋಡುವ" ಎಂದೇ ಹೇಳುತ್ತಿದ್ದರೆ ಅವರಿಗೆ ಬೇರೆ ದೊಡ್ಡ ಪಾರ್ಟಿ ಸಿಕ್ಕಿದೆ ಎಂದು ತಿಳಿಯಿರಿ. ಅದೇ ರಾತ್ರಿ ಇನ್ನೊಬ್ಬರಿಗೆ ಫೋನು ಮಾಡಿ.

ಹಂತ 9: ಆ ದಿನ

ಮಧ್ಯಾಹ್ನ ಎರಡಕ್ಕೆ ಹಾಲ್ ತೆರೆದಿರಬೇಕು. ಮೂರಕ್ಕೆ ಮೈಕ್ ಸಿದ್ಧ. ಮೂರೂವರೆಗೆ ಕಲಾವಿದರು. ನಾಲ್ಕಕ್ಕೆ ಬಾಗಿಲಲ್ಲಿ ಇಬ್ಬರು, ಬಾವಿಯ ಕಡೆ ಒಬ್ಬರು, ರಸ್ತೆ ದಾಟಿಸಲು ಒಬ್ಬರು. ಬರುವ ಪುಟ್ಟ ಮಕ್ಕಳ ಅಂಗೈ ಹಿಂಭಾಗದಲ್ಲಿ ಹೆತ್ತವರ ಫೋನ್ ನಂಬರನ್ನು ಪೆನ್ನಿನಲ್ಲಿ ಬರೆಯಿರಿ. ಕಳೆದುಹೋದ ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗುವುದಕ್ಕಿಂತ ಇದು ಒಳ್ಳೆಯದು.

ನಾಲ್ಕೂಕಾಲಿಗೆ ಏಳೇ ಮಕ್ಕಳಿದ್ದರೂ ಲಗೋರಿ ಶುರುಮಾಡಿ. "ಇನ್ನೂ ಜನ ಬರಲಿ" ಎಂದು ಕಾದರೆ ಹೊತ್ತಿಗೆ ಬಂದವರಿಗೆ ಶಿಕ್ಷೆ ಕೊಟ್ಟ ಹಾಗೆ, ಮುಂದಿನ ಸಲ ಅವರೂ ತಡವಾಗಿ ಬರುತ್ತಾರೆ. ಅತಿಥಿ 5:40ಕ್ಕೆ ಬಾರದಿದ್ದರೆ ಊರಿನ ಹಿರಿಯರೊಬ್ಬರಿಂದ ದೀಪ ಬೆಳಗಿಸಿ. ದೀಪ ಪರದೆಯಿಂದ ದೂರ ಇರಲಿ, ಅದರ ಹತ್ತಿರ ಮಕ್ಕಳು ಓಡದಂತೆ ಒಬ್ಬರು ನಿಲ್ಲಲಿ. ಅತಿಥಿ ಆಟದ ನಡುವೆ ಬಂದರೆ ಮೊದಲ ಸಾಲಿನಲ್ಲಿ ಕೂರಿಸಿ. ಭಾಗವತರನ್ನು ನಿಲ್ಲಿಸಿ ಹಾರ ಹಾಕುವುದು ಮಾತ್ರ ಬೇಡ.

ಚಾ ಒಬ್ಬರಿಗೆ 100 ಮಿಲಿಲೀಟರ್, ಇನ್ನೂರು ಜನಕ್ಕೆ 20 ಲೀಟರ್. ಅವಲಕ್ಕಿ ಒಬ್ಬರಿಗೆ 50 ಗ್ರಾಂ, ಒಟ್ಟು 10 ಕಿಲೋ. ಒಂದೇ ಕಡೆ ಕೊಟ್ಟರೆ ಹದಿನೈದು ನಿಮಿಷದಲ್ಲಿ ಮುಗಿಯುವುದಿಲ್ಲ. ಮೂರು ಮೇಜು ಹಾಕಿ, ಮಕ್ಕಳಿಗೆ ಚಾಪೆಯಲ್ಲೇ ತಂದುಕೊಡಿ. ಕಡೆಗೆ ತಿಂಡಿ ಇಟ್ಟರೆ ಜನ ಕೂರುತ್ತಾರೆ ಎಂಬ ಲೆಕ್ಕ ಕೆಲವರದ್ದು. ಕೂರುತ್ತಾರೆ, ನಿಜ. ಬಸ್ಸು ಮಾತ್ರ ಹೋಗಿರುತ್ತದೆ.

ಗಡಿಯಾರದವರು ವೇದಿಕೆಗೆ ಕಾಣುವಲ್ಲಿ ನಿಲ್ಲಬೇಕು. ಭಾಷಣಕಾರರಿಗೆ ಎರಡು ನಿಮಿಷ ಇರುವಾಗ ಹಸಿರು ಕಾಗದ, ಮುಗಿದಾಗ ಕೆಂಪು. ಇದನ್ನು ಅತಿಥಿಗೆ ಮೊದಲೇ ನಗುನಗುತ್ತಾ ಹೇಳಿಡಿ. 5:50 ಆದರೂ ಸ್ವಾಗತವೇ ನಡೆಯುತ್ತಿದ್ದರೆ ಅಧ್ಯಕ್ಷರ ಮಾತು ಕೈಬಿಡಿ. ಆಟದಿಂದ ಒಂದು ನಿಮಿಷವೂ ಕದಿಯಬೇಡಿ. ಆರಕ್ಕೆ ನಿಮ್ಮ ಓಟ ಹದಿನೈದು ನಿಮಿಷಕ್ಕಿಂತ ಜಾಸ್ತಿ ಹಿಂದೆ ಬಿದ್ದಿದ್ದರೆ ಚಾ ಕೂತಲ್ಲಿಗೇ ಹಂಚಿ, ಆಟ ಶುರುಮಾಡಿಸಿ.

ತುರ್ತಿಗೆ 112, ಆಂಬುಲೆನ್ಸಿಗೆ 108, ಬೆಂಕಿಗೆ 101, ಕರೆಂಟು ಹೋದರೆ ಕೆಎಸ್‌ಇಬಿಯ 1912. ಚೌಕಿಯ ಬಾಗಿಲಿಗೆ ಬರೆದು ಅಂಟಿಸಿ. ಮಕ್ಕಳ ಫೋಟೋ, ವೀಡಿಯೊ ಫೇಸ್‌ಬುಕ್ಕಿಗೆ ಹಾಕುವ ಮೊದಲು ಅಪ್ಪ-ಅಮ್ಮನನ್ನು ಕೇಳಿ. ಬಟ್ಟೆ ಬದಲಾಯಿಸುವ ಕೋಣೆಗೆ ಕ್ಯಾಮೆರಾ, ಫೋನು ಹೋಗಲೇಬಾರದು. ಅಲ್ಲಿ ಹೆಂಗಸರಿಬ್ಬರು ಕಾವಲು ಇರಲಿ.

7:20ಕ್ಕೆ ಮೈಕಿನಲ್ಲಿ ಒಂದೇ ಪ್ರಕಟಣೆ: ಯಾವ ದಿಕ್ಕಿನ ಬಸ್ಸು ಎಷ್ಟಕ್ಕೆ. ಬಸ್ಸು ತಪ್ಪಿದವರಿಗಾಗಿ ಇಬ್ಬರು ಆಟೋದವರ ಹತ್ತಿರ ಮೊದಲೇ ಮಾತಾಡಿಡಿ.

ಹಂತ 10: ಮುಗಿದ ಮೇಲೆ

ಕಲಾವಿದರ ಬಣ್ಣ ತೆಗೆಯಲು ತೆಂಗಿನೆಣ್ಣೆ, ನೀರು, ಊಟ ಸಿದ್ಧ ಇರಲಿ. ಅವರನ್ನು ಕಳಿಸಿಕೊಟ್ಟ ಮೇಲೆಯೇ ನಿಮ್ಮ ಊಟ. ಹಾಳೆ ತಟ್ಟೆಗಳನ್ನು ಗೊಬ್ಬರದ ಗುಂಡಿಗೆ, ಉಳಿದ ಕಸವನ್ನು ಬೇರೆ ಮಾಡಿ, ಮನೆ ಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಗೆ ಕೊಡಿ. ಮೂರು ದಿನದ ಒಳಗೆ ಖರ್ಚು-ವೆಚ್ಚವನ್ನು ಒಂದು ಪುಟದಲ್ಲಿ ಬರೆದು ಗುಂಪಿಗೆ ಹಾಕಿ. ದಾನಿಗಳು ಮುಂದಿನ ಸಲ ಫೋನು ಎತ್ತಬೇಕಾದರೆ ಇದು ಬೇಕು.

ಪುಸ್ತಕದಲ್ಲಿ ಒಪ್ಪಿದ ಹೊತ್ತಿನ ಪಕ್ಕ ನಿಜವಾಗಿ ಆದ ಹೊತ್ತನ್ನು ಬರೆಯಿರಿ. ಲಗೋರಿ ಎಷ್ಟಕ್ಕೆ ಶುರುವಾಯಿತು, ಸಭೆ ಎಷ್ಟು ಎಳೆಯಿತು, ಆಟ ಎಷ್ಟಕ್ಕೆ ಮುಗಿಯಿತು. ಮುಂದಿನ ಸಲ ಈ ಪುಟದಿಂದಲೇ ಶುರುಮಾಡಿ. ಹಾಲ್‌ನ ಕೀಲಿ ಕೊಡುವಾಗ ಕುರ್ಚಿ ಎಣಿಸಿ ತೋರಿಸಿ, ಠೇವಣಿ ಅಲ್ಲೇ ವಾಪಸು ಪಡೆಯಿರಿ.